ದೋಣಿಯ ಬಲಗಡೆ

ಚಿಕ್ಕಮ್ಮನ ಫೋನು ಬಂದಾಗ ನಾನು ಕುಮಟಾದ ನಮ್ಮ ಅಂಗಡಿಯಲ್ಲಿ ಸುಟ್ಟುಹೋದ ಪಂಪೊಂದರ ಹೊಟ್ಟೆ ಬಗೆಯುತ್ತ ಕೂತಿದ್ದೆ. ನಮ್ಮದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೋರ್ಡಿನ ಮೇಲೆ ಗಂಡನ ಹೆಸರು, ಒಳಗೆ ತಂತಿ ಸುತ್ತುವವಳು ನಾನು.

"ಹುಡ್ಗಿ, ನನ್ನ ದೋಣಿಲಿ ಹೂವಿನ ಗಿಡ ನೆಡ್ತರಂತೆ!"

ಹಲೋ ಇಲ್ಲ, ಊಟ ಆಯ್ತಾ ಇಲ್ಲ. ಆಚೆಯಿಂದ ಕೋಳಿಗಳು ಬೆದರಿ ಕೂಗುವುದು ಕೇಳಿಸಿತು. ಅಂದರೆ ಅಂಗಳದಲ್ಲಿ ನಿಂತು ಕೈ ಬೀಸಿ ಬೀಸಿ ಮಾತಾಡುತ್ತಿದ್ದಾಳೆ ಅಂತ ಲೆಕ್ಕ. ಬರೀ ಬಾಯಲ್ಲಿ ಮಾತಾಡುವುದು ಚಿಕ್ಕಮ್ಮನಿಗೆ ಬರುವುದೇ ಇಲ್ಲ. ಸಿಟ್ಟು ಬಂತೆಂದರೆ ಬಲಗೈ ತಲೆಯ ಮೇಲಕ್ಕೆ ಏಳಲೇಬೇಕು.

ಅವಳು ನನ್ನ ಅಮ್ಮನ ತಂಗಿ. ಹೊನ್ನಾವರದ ಹತ್ತಿರ, ಶರಾವತಿಯ ನಡುವಿನ ಒಂದು ಕುರ್ವೆಯಲ್ಲಿ ಅವಳ ಮನೆ. ಹೊಳೆಯೊಳಗಿನ ನಡುಗಡ್ಡೆಗೆ ನಾವು ಕುರ್ವೆ ಅನ್ನುತ್ತೇವೆ. ಬಸಳೆ, ಹರಿವೆ, ಮೊಗೆಕಾಯಿ ಬೆಳೆದು ಪೇಟೆಗೆ ಒಯ್ದು ಮಾರುವುದು ಅವಳ ಕೆಲಸ. ಒಯ್ಯುತ್ತಿದ್ದುದು ತನ್ನದೇ ಫೈಬರ್ ದೋಣಿಯಲ್ಲಿ, ತಾನೇ ಇಂಜಿನ್ ನಡೆಸಿಕೊಂಡು. ಚಿಕ್ಕಪ್ಪ ಬದುಕಿದ್ದಾಗಲೂ ಅವರು ಮುಂದೆ ತರಕಾರಿ ಬುಟ್ಟಿಗಳ ನಡುವೆ ಕೂರುತ್ತಿದ್ದರು. ಹಿಂದೆ ಇಂಜಿನ್ನಿನ ಹಿಡಿ ಹಿಡಿದು ಕೂರುವವಳು ಇವಳೇ. ಆಮೇಲೆ ಕುರ್ವೆಗೆ ಸೇತುವೆಯಾಯಿತು, ಮನೆ ಬಾಗಿಲಿಗೆ ಗೂಡ್ಸ್ ರಿಕ್ಷಾ ಬಂತು. ದೋಣಿಯ ಇಂಜಿನ್ ಕೆಟ್ಟಿತು, ವೈರುಗಳು ಉಪ್ಪು ತಿಂದು ಹಸಿರುಗಟ್ಟಿದವು, ದೋಣಿ ಅಂಗಳದ ಮೂಲೆಯಲ್ಲಿ ತೆಂಗಿನ ಮಡಲು ಹೊದ್ದು ಮಗುಚಿ ಮಲಗಿತು. ಚಿಕ್ಕಮ್ಮ ರಿಕ್ಷಾದ ಹಿಂದುಗಡೆ ಬುಟ್ಟಿಗಳ ಜೊತೆ ತಾನೂ ಒಂದು ಬುಟ್ಟಿಯಾಗಿ ಕೂತು ಪೇಟೆಗೆ ಹೋಗತೊಡಗಿದಳು.

ಈಗ ಅವಳ ಮಗ, ಅಂದರೆ ನನ್ನ ತಮ್ಮ, ಮುರ್ಡೇಶ್ವರದಲ್ಲಿ ತಾನು ಕೆಲಸ ಮಾಡುವ ಹೋಟೆಲಿನವರ ಜೊತೆ ಮಾತಾಡಿಕೊಂಡು ಬಂದಿದ್ದ. ಅವರು ದೋಣಿಯನ್ನು ಹುಲ್ಲುಹಾಸಿನ ಮೇಲಿಟ್ಟು, ಮಣ್ಣು ತುಂಬಿ, ಹೂಗಿಡ ನೆಟ್ಟು, ಬಂದವರಿಗೆ ಸೆಲ್ಫಿ ತೆಗೆಯಲು ಬಿಡುತ್ತಾರಂತೆ.

"ದೋಣಿಗೆ ಮಣ್ಣು ತುಂಬುದಂತೆ! ಕೇಳಿದ್ಯನೆ? ಮಣ್ಣು!"

ನನಗೂ ಮೈಯೆಲ್ಲ ಉರಿಯಿತು. ಆ ವಾರದ ಭಾನುವಾರವೇ ಸ್ಕೂಟರ್ ಹತ್ತಿ ಕುರ್ವೆಗೆ ಹೋದೆ, ತಮ್ಮನಿಗೆ ಸರಿಯಾಗಿ ಮಂಗಳಾರತಿ ಎತ್ತಬೇಕು ಅಂತಲೇ. ಆದರೆ ಅವನು ಜಗಲಿಯ ಮೇಲೆ ಕೂತು ತಣ್ಣಗೆ ಹೇಳಿದ: "ಅಕ್ಕ, ನಡು ಹೊಳೇಲಿ ಇಂಜಿನ್ ನಿಂತ್ರೆ ಎಂತ ಮಾಡುದು? ಒಬ್ಳೇ ಹೋಗ್ತದೆ ಅಮ್ಮ. ಗೇರುಸೊಪ್ಪ ಡ್ಯಾಮಲ್ಲಿ ನೀರು ಬಿಟ್ರೆ, ಇಳಿತ ಇದ್ರೆ, ಸೀದಾ ಅಳಿವೆಗೆ, ಸಮುದ್ರಕ್ಕೇ ಎಳ್ಕಂಡು ಹೋಗ್ತದೆ. ನಂಗೆ ಅಲ್ಲಿ ಕೆಲಸದಲ್ಲಿ ಮನಸ್ಸು ನಿಲ್ಲುದಿಲ್ಲ." ಹಾಗಂದಾಗ ಎತ್ತಿದ್ದ ಮಂಗಳಾರತಿ ಕೆಳಗಿಳಿಸಬೇಕಾಯಿತು.

ಕೊನೆಗೆ ಅಮ್ಮ ಮಗ ಇಬ್ಬರೂ ಒಂದು ಮಾತಿಗೆ ಬಂದರು. ದೋಣಿ ರಿಪೇರಿ ಮಾಡುವುದು. ಮನೆ ಹತ್ತಿರ ದೋಣಿ ಕಟ್ಟುವ ಕಡವಿನಿಂದ ಹೊನ್ನಾವರದ ಧಕ್ಕೆಯ ತನಕ ನಡುವೆ ಎಲ್ಲೂ ನಿಲ್ಲದೆ ಹೋಗಿ ಮುಟ್ಟಿದರೆ ದೋಣಿ ಅವಳದು. ಒಂದು ಸಲ ನಿಂತರೂ ಹೋಟೆಲಿನ ಹುಲ್ಲಿಗೆ.

"ಆತು," ಅಂದಳು ಚಿಕ್ಕಮ್ಮ.

"ಆತು," ಅಂದ ಅವನೂ.

ಆತು ಅಂದವರು ಅವರಿಬ್ಬರು, ಕೆಲಸ ಬಿದ್ದದ್ದು ನನ್ನ ತಲೆಗೆ! ಹೇಳಿಬಿಡುತ್ತೇನೆ, ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಗಿತ್ತು. ಎಷ್ಟು ವರ್ಷ ಅಂತ ಬಾವಿಯ ಪಂಪುಗಳನ್ನೇ ಸುತ್ತುವುದು? ಹೊಳೆಯ ಮೇಲೆ ಓಡುವ ಒಂದು ವಸ್ತುವಿಗೆ ನರ ಕೂರಿಸುವ ಕೆಲಸ ಯಾರಿಗೆ ಸಿಗುತ್ತದೆ? ಇಂಜಿನ್ನನ್ನು ಪೇಟೆಯ ಮೆಕ್ಯಾನಿಕ್ ಬಿಚ್ಚಿ ತೊಳೆದು ಜೋಡಿಸಿ ಕೊಟ್ಟ. ಉಳಿದದ್ದೆಲ್ಲ ನಾವಿಬ್ಬರು ಹೆಂಗಸರೇ.

ದೋಣಿಯನ್ನು ಎತ್ತಿ ನೆಟ್ಟಗೆ ಮಾಡಿ ಎರಡು ಹಳೇ ಟೈರುಗಳ ಮೇಲೆ ಕೂರಿಸಿದೆವು, ಮೂತಿ ಜಗಲಿಯ ಕಡೆಗೆ. ಇಂಜಿನ್ ನೇತುಹಾಕುವ ಹಿಂಗೋಡೆಯ ಒಳಗಿನ ಹಲಗೆ ಕೊಳೆತು ಹಿಂಡಿಯಾಗಿತ್ತು. ಅದನ್ನು ಕೆರೆದು ತೆಗೆದು ಹೊಸ ಪ್ಲೈವುಡ್ ಕೂರಿಸಿ, ಮೇಲೆ ಫೈಬರ್ ಬಟ್ಟೆ ಹಾಸಿ, ಅಂಟು ಬಳಿದೆವು. ಆ ಅಂಟಿನ ವಾಸನೆ ನನ್ನ ಕೂದಲಿಗೆ ಹತ್ತಿ, ಅಂಗಡಿಗೆ ಬಂದವರೆಲ್ಲ ಮೂಗು ಮುಚ್ಚಿಕೊಂಡರು. ಗಂಡ ಅಂತೂ, "ರಾತ್ರಿ ನೀ ಜಗಲಿಲಿ ಮಲಗು ಮಾರಾಯ್ತಿ," ಅಂದರು.

ಆಮೇಲೆ ವೈರಿಂಗು. ಇಲ್ಲಿ ನನ್ನ ಜಂಭ ಸ್ವಲ್ಪ ಇಳಿಯಿತು. ಮನೆಯ ವೈರಿಂಗಿನಲ್ಲಿ ಎರಡು ತಂತಿ ಹೊಸೆದು ಟೇಪು ಸುತ್ತಿದರೆ ಮುಗಿಯಿತು ಅನ್ನುವವರು ನಾವು. ಉಪ್ಪುನೀರು ಆ ಟೇಪಿನೊಳಗೆ ಇರುವೆ ಹೋದ ಹಾಗೆ ಹೋಗುತ್ತದೆ. ಹಾಗಾಗಿ ತವರ ಬಳಿದ ತಂತಿಯನ್ನೇ ತರಿಸಿದೆ. ಪ್ರತಿ ಜೋಡಣೆಯನ್ನೂ ಇಕ್ಕಳದಲ್ಲಿ ಒತ್ತಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ಹಾಕಿ ಮುಚ್ಚಿದೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು. ಎಲ್ಲ ಹಾಕಿ ಮುಗಿಸಿ, ಅಭ್ಯಾಸಬಲದಿಂದ ತಲೆ ತುರಿಸಿಕೊಂಡು ಕೇಳಿದೆ: "ಚಿಕ್ಕಮ್ಮ, ಅರ್ಥಿಂಗ್ ಎಲ್ಲಿ ಕೊಡುದು?"

"ಅರ್ಥಿಂಗಾ? ಅಂದ್ರೆ ಭೂಮಿಗೆ ಹುಗಿಯುದಲ್ದಾ? ಹೊಳೇಲಿ ಭೂಮಿ ಎಲ್ಲಿಂದ ತರ್ತೀಯೆ? ಹೋಟೆಲಿನವರ ಹತ್ರ ಮಣ್ಣು ಕೇಳುವನಾ?" ಅಂತ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬ್ಯಾಟರಿಯ ಕೆಲಸಕ್ಕೆ ಆ ಅರ್ಥಿಂಗ್ ಬೇಡ ಅಂತ ನನಗೂ ಗೊತ್ತಿತ್ತು. ಬಾಯಿಗೆ ಬಂದುಬಿಟ್ಟಿತ್ತು, ಅಷ್ಟೇ.

ದೋಣಿಯ ತಳದಲ್ಲಿ ನೀರು ನಿಂತರೆ ತಾನೇ ಎದ್ದು ಹೊರಗೆ ಹಾಕುವ ಒಂದು ಪುಟ್ಟ ಪಂಪು ಕೂರಿಸಿದ್ದೆ. ಪರೀಕ್ಷೆ ಮಾಡಲು ಕೊಡಪಾನದಲ್ಲಿ ನೀರು ಹೊತ್ತು ಹೊತ್ತು ದೋಣಿಯೊಳಗೆ ಸುರಿದೆವು. ಒಂದು ಕೊಡ, ಇನ್ನೊಂದು ಕೊಡ, ಏನೂ ಇಲ್ಲ. ಮತ್ತೊಂದು ಕೊಡ ಸುರಿದದ್ದೇ ತಡ, ಝುಂಯ್ ಅಂದಿತು! ಪಕ್ಕದ ತೂತಿನಿಂದ ನೀರು ಚಿಮ್ಮಿ, ಅಂಗಳದಲ್ಲಿ ಒಣಗಲು ಹಾಕಿದ್ದ ಹಪ್ಪಳದ ಮೇಲೆ ಸೀದಾ ಬಿತ್ತು. ಹಪ್ಪಳ ಪೂರಾ ಹಾಳು. ನಾವಿಬ್ಬರೂ ಒದ್ದೆ ಅಂಗಳದಲ್ಲಿ ನಿಂತು ಚಪ್ಪಾಳೆ ತಟ್ಟಿದೆವು. ಬೇರೆ ದಿನವಾಗಿದ್ದರೆ ಆ ಹಪ್ಪಳಕ್ಕಾಗಿ ಅವಳು ನನ್ನ ಜೀವ ತಿನ್ನುತ್ತಿದ್ದಳು.

ಕೊನೆಯದು ದೀಪ. ಕತ್ತಲಲ್ಲಿ ಎದುರಿನವರಿಗೆ ಗೊತ್ತಾಗಲೆಂದು ದೋಣಿಯ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ ಇರಬೇಕು. ಎಡ ಕೆಂಪು, ಬಲ ಹಸಿರು ಅಂತ ಬಾಯಿಪಾಠ ಮಾಡಿಕೊಂಡು ಅಳತೆ ತೆಗೆದು, ತೂತು ಕೊರೆದು, ಅಂಟು ಹಾಕಿ ಗಟ್ಟಿಯಾಗಿ ಕೂರಿಸಿದೆ. ಮುಸ್ಸಂಜೆಗೆ ಜಗಲಿಯ ಮೆಟ್ಟಿಲ ಮೇಲೆ ನಿಂತು ಸ್ವಿಚ್ ಹಾಕು ಅಂದೆ. ಚಿಕ್ಕಮ್ಮ ದೋಣಿ ಹತ್ತಿ, ಹಿಂದೆ ತನ್ನ ಜಾಗದಲ್ಲಿ ಕೂತು ಹಾಕಿದಳು. ಆಹಾ! ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಇಡೀ ಅಂಗಳಕ್ಕೆ ಹಬ್ಬ ಬಂದ ಹಾಗಿತ್ತು.

"ಹುಡ್ಗಿ, ನಂಗೆ ಬಲಕ್ಕೆ ಕೆಂಪು ಕಾಣ್ತದಲೆ."

"ಬಲಕ್ಕೆ ಹಸಿರು ಚಿಕ್ಕಮ್ಮ. ಸರಿ ನೋಡು."

"ಯಾರ ಬಲ?"

"ಯಾರ ಬಲ ಅಂದ್ರೆ? ನನ್ನ ಬಲ!"

"ದೋಣಿ ನಡೆಸುದು ನೀನಾ?" ಅವಳು ಎದ್ದು ನಿಂತಳು. ಕೈ ಮೇಲೆ ಹೋಯಿತು. "ದೇವಸ್ಥಾನದಲ್ಲಿ ಭಟ್ರು ದೇವರ ಬಲಕ್ಕೆ ದೀಪ ಇಡು ಅಂದ್ರೆ ಎಲ್ಲಿ ಇಡ್ತೀಯೆ? ಎದ್ರಿಗೆ ನಿಂತ್ಕಂಡು ನಿನ್ನ ಬಲಕ್ಕಾ? ದೇವ್ರು ನಮ್ಮ ಬದಿ ಮುಖ ಮಾಡಿ ಕೂತಿರ್ತ. ಅವನ ಬಲ ಅವಂದೇ. ದೋಣಿದೂ ಹಂಗೇ. ಹಿಂಗೇ ಹೋದ್ರೆ, ಈ ಹೆಂಗ್ಸು ಹಿಂದ್ ಹಿಂದಕ್ಕೆ ಹೋಗ್ತಾ ಇದೆ ಅಂದ್ಕಂಬ್ರು ಎದ್ರು ಬರೋರು!"

ಛೆ! ದೋಣಿಯ ಮೂತಿಗೆ ಎದುರಾಗಿ ನಿಂತು ನನ್ನ ಎಡಬಲವನ್ನು ಅದಕ್ಕೆ ಅಂಟಿಸಿದ್ದೆ. ಆ ಅಂಟು ಕೀಳುವಷ್ಟರಲ್ಲಿ ಉಗುರು ಕಿತ್ತುಬಂತು. ಆ ಹೊತ್ತಿಗೆ ಬಂದ ತಮ್ಮ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕ. "ನಗು, ನಗು. ನಿನ್ನ ಸರದಿ ಬರ್ತದೆ," ಅಂದೆ, ಉರಿಯುತ್ತಿದ್ದ ಬೆರಳನ್ನು ಬಾಯಲ್ಲಿಟ್ಟುಕೊಂಡು.

ಅವನಿಗೆ ಮೆಚ್ಚುಗೆಯಾದದ್ದು ಒಂದೇ ಒಂದು. ಇಂಜಿನ್ನಿಗೆ ನಾನು ಹೊಸ ಕೆಂಪು ಸುರುಳಿ ದಾರ ತಂದಿದ್ದೆ. ಅದರ ಒಂದು ತುದಿಯ ಕ್ಲಿಪ್ ಇಂಜಿನ್ನಿನ ಗುಂಡಿಗೆ, ಇನ್ನೊಂದು ತುದಿ ನಡೆಸುವವರ ಕೈಗೆ. ನಡೆಸುವವರು ನೀರಿಗೆ ಬಿದ್ದರೆ ಕ್ಲಿಪ್ ಕಿತ್ತು ಬಂದು ಇಂಜಿನ್ ತಾನೇ ನಿಲ್ಲುತ್ತದೆ. ಮೊದಲು ಇದ್ದದ್ದು ಯಾವಾಗಲೋ ಹೊಳೆಯ ಪಾಲಾಗಿ, ಚಿಕ್ಕಮ್ಮ ಅಲ್ಲಿ ಪ್ಲಾಸ್ಟಿಕ್ ಚೂರು ಸಿಕ್ಕಿಸಿ ಓಡಿಸುತ್ತಿದ್ದಳಂತೆ. "ಇದನ್ನ ಕಟ್ಕಂಡೇ ಹೋಗ್ಬೇಕು ಅಮ್ಮ," ಅಂತ ಅವನು ಆಣೆ ಹಾಕಿಸಿದ. "ನಾ ಎಂತ ಎಮ್ಮೆಯನಾ?" ಅಂತ ಗೊಣಗುತ್ತಲೇ ಅವಳು ಒಪ್ಪಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಕಡವಿನಲ್ಲಿ ದೋಣಿ ಇಳಿಸಿದೆವು. ಹೊಳೆ ತುಂಬಿ ಥಳಥಳ ಅನ್ನುತ್ತಿತ್ತು. ತಮ್ಮ ಮುಂದೆ, ಅವನಪ್ಪ ಕೂರುತ್ತಿದ್ದ ಜಾಗದಲ್ಲಿ, ಬಸಳೆ ಬುಟ್ಟಿಗಳ ನಡುವೆ ಕೂತ. ಅಮ್ಮನ ಮೇಲೆ ಕಣ್ಣಿಡಬೇಕೆಂದು ಅವಳ ಕಡೆಗೇ ಮುಖ ಮಾಡಿಕೊಂಡ. ನಡುವೆ ಇಕ್ಕಳ, ಫ್ಯೂಸು, ದೇವರ ನಾಮ ಎಲ್ಲ ಇಟ್ಟುಕೊಂಡು ನಾನು. ಚಿಕ್ಕಮ್ಮ ಎಡಗೈಯಲ್ಲಿ ಇಂಜಿನ್ನಿನ ಹಿಡಿ ಹಿಡಿದಳು, ಬಲಗೈಯ ಬಳೆಗಳಿಗೆ ಕೆಂಪು ದಾರ ಸಿಕ್ಕಿಸಿಕೊಂಡಳು. ನಾನು ಇಂಜಿನ್ ಹತ್ತಿಸುವ ಹಗ್ಗ ಎಳೆದೆ. ಎರಡನೇ ಎಳೆತಕ್ಕೇ ಇಂಜಿನ್ ಹತ್ತಿಕೊಂಡಿತು!

ಅಬ್ಬಾ, ಆ ಓಟ! ಮೂತಿ ಎದ್ದು, ಹಿಂದೆ ಬಿಳಿ ನೊರೆ ಎರಡು ಸೀಳಾಗಿ, ಮುಖಕ್ಕೆ ಹನಿ ರಾಚುತ್ತಿತ್ತು. ನಾನು ಚಿಕ್ಕ ಹುಡುಗಿಯ ಹಾಗೆ ಹೋ ಅಂತ ಕೂಗಿದೆ. ಚಿಕ್ಕಮ್ಮ ಕೂಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಕಿರಿದು ಮಾಡಿ, ನೆಟ್ಟಗೆ ಕೂತಿದ್ದಳು. ರಿಕ್ಷಾದ ಹಿಂದೆ ಕುಗ್ಗಿ ಕೂತಿರುತ್ತಿದ್ದ ಹೆಂಗಸು ಇವಳೇನಾ ಅಂತ ನನಗೆ ನಂಬಿಕೆ ಬರಲಿಲ್ಲ.

ಧಕ್ಕೆ ದೂರದಲ್ಲಿ ಕಾಣತೊಡಗಿತ್ತು. ಅಲ್ಲೊಂದು ಕಡೆ ಬಲೆ ಕಟ್ಟಲು ನೆಟ್ಟ ಗೂಟಗಳ ಸಾಲಿದೆ. ತಮ್ಮ ಕುತ್ತಿಗೆ ತಿರುಗಿಸಿ ಅದನ್ನು ನೋಡಿದ್ದೇ, ಅಮ್ಮನ ಕಡೆ ತಿರುಗಿ ಕೂಗಿದ: "ಅಮ್ಮ, ಬಲಕ್ಕೆ! ಬಲಕ್ಕೆ ತಕೋ!"

ಅವಳು ಬಲಕ್ಕೆ ತಿರುಗಿಸಿದಳು. ದೋಣಿ ಸೀದಾ ಗೂಟಗಳ ಕಡೆಗೇ ಹೊರಟಿತು!

"ಅಯ್ಯೋ, ಆ ಬಲ ಅಲ್ಲ! ನನ್ನ ಬಲ!"

ಅವಳು ಒಂದೇ ಪಟ್ಟಿಗೆ ಹಿಡಿ ತಿರುಗಿಸಿ ದೋಣಿಯನ್ನು ಎಡಕ್ಕೆ ಎಳೆದಳು. ಗೂಟಗಳು ಮಾರು ದೂರದಲ್ಲಿ ಸರಿದುಹೋದವು. ಆಮೇಲೆ ಶುರುವಾಯಿತು ನೋಡಿ. "ಹಿಂದೆ ಮುಖ ಮಾಡಿ ಕೂತ್ಕಂಡು ನಂಗೆ ದಾರಿ ಹೇಳ್ತ್ಯ? ಯಾರ ಬಲ ಅಂತ ಗೊತ್ತಿಲ್ದೆ ಇದ್ದವ ನನ್ನ ದೋಣಿಗೆ ಮಣ್ಣು ತುಂಬುಕೆ ಬಂದ್ಯ?" ಅಂದಳು. ಬಲಗೈ ಅಷ್ಟೆತ್ತರಕ್ಕೆ ಎದ್ದಿತು.

ಇಂಜಿನ್ ನಿಂತಿತು.

ಇಡೀ ಹೊಳೆ ಸುಮ್ಮನಾಯಿತು. ದೋಣಿ ಇಳಿತಕ್ಕೆ ಸಿಕ್ಕಿ ಮೆಲ್ಲಗೆ ಅಡ್ಡ ತಿರುಗತೊಡಗಿತು. ಪೆಟ್ರೋಲ್ ಪೈಪಿನ ರಬ್ಬರ್ ಗುಂಡು ಹಿಸುಕಿದೆ, ಗಟ್ಟಿಯಿತ್ತು, ಅಂದರೆ ಪೆಟ್ರೋಲ್ ಬರುತ್ತಿತ್ತು. ಫ್ಯೂಸು ನೋಡಿದೆ, ಸರಿಯಿತ್ತು. ಹಗ್ಗ ಎಳೆದೆ, ಎಳೆದೆ, ಊಹೂಂ. ನನ್ನ ಕಣ್ಣೆಲ್ಲ ನಾನು ಹಾಕಿದ ವೈರುಗಳ ಮೇಲೇ ಇತ್ತು. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ ಒಂದೊಂದೇ ಜೋಡಣೆ ಮುಟ್ಟಿ ನೋಡುತ್ತಿದ್ದೆ. ಅಳು ಬರುವುದೊಂದು ಬಾಕಿ.

ಚಿಕ್ಕಮ್ಮ ಬಲಗೈ ಮಡಿಲಲ್ಲಿಟ್ಟುಕೊಂಡಿದ್ದಳು. "ಆತು," ಅಂದಳು. "ಮಾತು ಅಂದ್ರೆ ಮಾತು. ಒಯ್ಯಿ ಹೋಟೆಲಿಗೆ." ಕೈ ಎತ್ತದೆ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಅವಳ ಮುಖ ನೋಡಲಾಗಲಿಲ್ಲ.

ತಮ್ಮ ಎದ್ದ. ಬುಟ್ಟಿಗಳನ್ನು ದಾಟಿ, ನನ್ನನ್ನು ದಾಟಿ ಹಿಂದಕ್ಕೆ ಬಂದು ಅಮ್ಮನ ಎದುರು ಕುಕ್ಕರಗಾಲಲ್ಲಿ ಕೂತ. ಅವಳ ಬಲಗೈ ಎತ್ತಿ ಹಿಡಿದ. ಬಳೆಗಳಿಂದ ಕೆಂಪು ದಾರ ಜೋತಾಡುತ್ತಿತ್ತು, ತುದಿಯಲ್ಲಿ ಇಂಜಿನ್ನಿನಿಂದ ಕಿತ್ತು ಬಂದ ಕ್ಲಿಪ್ ಸಮೇತ. ಅವನು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ದೋಣಿ ನಿಂತದ್ದಲ್ಲ ಅಮ್ಮ," ಅಂದ. "ನೀ ನಿಲ್ಸಿದ್ದು."

ದಾರವನ್ನು ಬಳೆಯಿಂದ ಬಿಡಿಸಿ, ಇಂಜಿನ್ನಿನ ಹಿಡಿಯ ಮೇಲಿದ್ದ ಅವಳ ಎಡಗೈಗೆ ಹಾಕಿದ. ಕ್ಲಿಪ್ಪನ್ನು ಗುಂಡಿಗೆ ಒತ್ತಿ ಕೂರಿಸಿದ. "ಇದು ಈ ಕೈಲಿ ಇರ್ಲಿ. ಆ ಕೈ ನಂಗೆ ಬಯ್ಯುಕೆ ಬೇಕಲ್ದಾ."

ಆಮೇಲೆ ಹಗ್ಗ ಎಳೆದವನೂ ಅವನೇ. ಒಂದೇ ಎಳೆತ. ಇಂಜಿನ್ನಿನ ಸದ್ದಿಗೆ ಗೂಟಗಳ ಮೇಲಿನ ಹಕ್ಕಿಗಳೆಲ್ಲ ಹಾರಿದವು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ, ಎರಡೂ ಇರಬೇಕು. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗ ಇನ್ನೂ ಅಲ್ಲೇ ಕೂತು ತನ್ನನ್ನೇ ನೋಡುತ್ತಿದ್ದುದು ಅವಳಿಗೆ ಕಂಡಿತು. ಖಾಲಿಯಾದ ಬಲಗೈ ತಲೆಯ ಮೇಲಕ್ಕೆ ಎದ್ದು ಮುಂದಿನ ಬುಟ್ಟಿಗಳ ಕಡೆ ತೋರಿಸಿತು.

"ಹೋಗು, ಕೂತ್ಕೋ," ಅಂದಳು. "ಈ ಸಲ ಮುಂದೆ ಮುಖ ಮಾಡಿ."