ಊಟ ಮೊದಲು, ಹಾಲು ಆಮೇಲೆ ಎನ್ನುವ ಬೋಡಿಲ್

ಬೆಳಗಿನ ಆರು ಗಂಟೆ. ಲೆಮ್ವಿಗ್ ಬಂದರಿನ ಮೇಲಿನ ಗುಡ್ಡದ ಬೀದಿಯಲ್ಲಿ ದೀಪಗಳು ಇನ್ನೂ ಆರಿಲ್ಲ. ಬೋಡಿಲ್ ಕ್ರೋ ಒಲೆಯ ಮುಂದೆ ನಿಂತು ಓಟ್ಸ್ ಗಂಜಿ ತಿರುವುತ್ತಿದ್ದಾರೆ. ಸೌಟು ಎಡಗೈಯಲ್ಲಿದೆ. ಬಲಗೈಗೆ ಗಂಟುನೋವು ಹಿಡಿದ ಮೇಲೆ ಗಂಜಿಯ ಕೆಲಸ ಎಡಗೈಗೆ ವರ್ಗವಾಗಿದೆ. ಮೇಜಿನ ಸುತ್ತ ನಾಲ್ಕು ಎತ್ತರದ ಕುರ್ಚಿಗಳು, ಅವುಗಳ ಕೆಳಗೆ ಹಳೆಯ ಪತ್ರಿಕೆಗಳ ಹಾಸು.

"ನಿನ್ನ ಪತ್ರಿಕೆಯ ಭಾನುವಾರದ ಸಂಚಿಕೆ ದಪ್ಪ ಇರುತ್ತೆ. ಗಂಜಿ ಚೆನ್ನಾಗಿ ಹೀರ್ಕೊಳುತ್ತೆ," ಎಂದು ನನ್ನ ಕಡೆ ತಿರುಗಿ ಹೇಳುತ್ತಾರೆ. ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದೇನೆ, ಇಷ್ಟು ಪ್ರಾಮಾಣಿಕ ವಿಮರ್ಶೆ ಯಾರೂ ಮಾಡಿರಲಿಲ್ಲ.

ಬೋಡಿಲ್‌ಗೆ ಈಗ ಅರವತ್ತಮೂರು. ಪುರಸಭೆಯ ಪರವಾಗಿ ತಮ್ಮ ಮನೆಯಲ್ಲೇ ಹಗಲು ಹೊತ್ತು ಎಳೆಯ ಮಕ್ಕಳನ್ನು ನೋಡಿಕೊಳ್ಳುವುದು ಅವರ ಕೆಲಸ. ಹತ್ತು ತಿಂಗಳಿಗೆ ಬರುವ ಮಗು ಮೂರು ವರ್ಷ ತುಂಬುವ ಹೊತ್ತಿಗೆ ದೊಡ್ಡ ಶಿಶುವಿಹಾರಕ್ಕೆ ಹೋಗುತ್ತದೆ, ಕೆಲವು ಅದಕ್ಕೂ ಮುಂಚೆ. ಒಮ್ಮೆಗೆ ನಾಲ್ಕೇ ಮಕ್ಕಳು. ಇಪ್ಪತ್ತೇಳು ವರ್ಷಗಳಲ್ಲಿ ಅರವತ್ತಮೂರು ಮಕ್ಕಳು ಈ ಕುರ್ಚಿಗಳಲ್ಲಿ ಕೂತೆದ್ದಿದ್ದಾರೆ. "ನನ್ನ ವಯಸ್ಸಿಗೂ ಮಕ್ಕಳಿಗೂ ಲೆಕ್ಕ ಸರಿಹೋಗಿದೆ. ಇನ್ನೊಂದು ಮಗು ಬಂದ್ರೆ ನಾನು ಹಿಂದೆ ಬೀಳ್ತೀನಿ," ಎಂದು ನಗುತ್ತಾರೆ.

ಏಳೂವರೆಗೆ ನಾಲ್ಕೂ ಕುರ್ಚಿ ಭರ್ತಿ. ನೆಲಕ್ಕೆ ಬಿದ್ದ ಚಮಚವನ್ನು ಬೋಡಿಲ್ ಎಷ್ಟು ಸಲ ಎತ್ತಿಕೊಡುತ್ತಾರೆ ಎಂದು ಎಣಿಸಿದೆ. ಗಂಜಿ ಮುಗಿಯುವಷ್ಟರಲ್ಲಿ ಹದಿನೇಳು. ದಿನಕ್ಕೆ ಒಂದೂವರೆ ಕಿಲೋ ಆಲೂಗಡ್ಡೆ, ಮಕ್ಕಳ ಕೊರಳಿಗೆ ಕಟ್ಟುವ ಹದಿನಾಲ್ಕು ಎದೆಬಟ್ಟೆ, ಇಪ್ಪತ್ತರ ಸುಮಾರು ಡೈಪರು. ಮಧ್ಯಾಹ್ನ ಹನ್ನೆರಡಕ್ಕೆ ನಾಲ್ವರನ್ನೂ ಹೊದಿಸಿ ಬೆಚ್ಚಗೆ ಮಾಡಿ, ಇಲ್ಲಿನ ರೂಢಿಯಂತೆ ಹಿತ್ತಲಿನ ಬಯಲಲ್ಲೇ, ಸಾಲಾಗಿ ನಿಲ್ಲಿಸಿದ ತಳ್ಳುಗಾಡಿಗಳಲ್ಲಿ ಮಲಗಿಸುತ್ತಾರೆ. ಆಗ ಸಿಗುವ ಒಂದೂವರೆ ಗಂಟೆಯಲ್ಲಿ ಗೋಡೆ ಒರೆಸುತ್ತಾರೆ. ಕ್ಯಾರೆಟ್ ಎಷ್ಟು ಎತ್ತರ ಹಾರಬಲ್ಲದು ಎಂಬುದಕ್ಕೆ ಆ ಗೋಡೆಯೇ ದಾಖಲೆ.

ಬೋಡಿಲ್ ಮೊದಲು ಬಂದರಿನ ಮೀನು ಕಾರ್ಖಾನೆಯಲ್ಲಿದ್ದರು. ಹನ್ನೊಂದು ವರ್ಷ ಹೆರಿಂಗ್ ಮೀನು ಸೀಳಿದರು. ಕಾರ್ಖಾನೆ ಮುಚ್ಚಿದಾಗ ಮೂವತ್ತಾರು ವರ್ಷ, ಮನೆಯಲ್ಲಿ ಮೂರು ಮಕ್ಕಳು. "ಮೀನಿಗೆ ಬಾಯಿ ತೆರೆಯೋದು ಹೇಗೆ ಅಂತ ಹೇಳ್ಕೊಡ್ಬೇಕಾಗಿರ್ಲಿಲ್ಲ. ಅದೊಂದೇ ವ್ಯತ್ಯಾಸ," ಎನ್ನುತ್ತಾರೆ.

ಯಾವ ಮಗುವೂ ತಮ್ಮ ಅಡುಗೆಯನ್ನು ಹತ್ತು ದಿನಕ್ಕಿಂತ ಹೆಚ್ಚು ತಿರಸ್ಕರಿಸಿದ್ದಿಲ್ಲ ಎಂಬುದು ಅವರ ಹೆಮ್ಮೆಯಾಗಿತ್ತು. ಕಳೆದ ಅಕ್ಟೋಬರಿನಲ್ಲಿ ಎಸ್ಕಿಲ್ ಬಂದ. ಹನ್ನೊಂದು ತಿಂಗಳು, ಒಂಬತ್ತು ಕಿಲೋ, ತಲೆಯ ಮೇಲೆ ಮೂರು ಕೂದಲು. ಅವನು ಮೂರು ವಾರ ಬಾಯಿ ತೆರೆಯಲಿಲ್ಲ.

ಗಂಜಿ ಕೊಟ್ಟರೆ ಮುಖ ತಿರುಗಿಸಿದ. ಆಲೂಗಡ್ಡೆ ಕೊಟ್ಟರೆ ಕಿವಿಗೆ ಹಚ್ಚಿಕೊಂಡ. ಮುಳ್ಳು ತೆಗೆದು ಬೇಯಿಸಿದ ಕಾಡ್ ಮೀನನ್ನು ಪಕ್ಕದ ಕುರ್ಚಿಯ ಅಲ್ಮಾಳ ತಲೆಗೆ ಮೆತ್ತಿದ. ಅಲ್ಮಾ ಅದನ್ನು ತಲೆಯಿಂದ ತೆಗೆದು ತಿಂದಳು. ಎಸ್ಕಿಲ್ ನಿಶ್ಚಿಂತೆಯಿಂದ ನೋಡುತ್ತಿದ್ದ, ಔತಣಕ್ಕೆ ಬಂದು ಊಟ ಆಗಿದೆ ಎನ್ನುವ ನೆಂಟನ ಹಾಗೆ. ಮನೆಯಿಂದ ಬರುತ್ತಿದ್ದ ಎರಡು ಸಣ್ಣ ಬಾಟಲಿ ಹಾಲನ್ನು ಮಾತ್ರ ಒಂದೇ ಉಸಿರಿಗೆ ಖಾಲಿ ಮಾಡುತ್ತಿದ್ದ.

ಮೊದಮೊದಲು ಇದು ತಮಾಷೆಯಾಗಿತ್ತು. ನಂತರ ಬೋಡಿಲ್ ಅವನ ಕೆನ್ನೆ ನೋಡತೊಡಗಿದರು. ಬಣ್ಣ ಇಳಿದಿತ್ತು. ಬೇರೆ ಮಕ್ಕಳು ಸೋಫಾ ಹತ್ತುವ ಹೊತ್ತಿಗೆ ಇವನು ಕೂತಲ್ಲೇ ತೂಕಡಿಸುತ್ತಿದ್ದ. ವೈದ್ಯರಿಗೆ ತೋರಿಸುವಂತೆ ತಾಯಿಗೆ ಹೇಳಿದರು. ರಕ್ತಪರೀಕ್ಷೆಯಲ್ಲಿ ಕಬ್ಬಿಣದ ಅಂಶ ಕಡಿಮೆ ಎಂದು ಬಂತು. ವೈದ್ಯರು ಹನಿ ಔಷಧಿ ಬರೆದುಕೊಟ್ಟು, ಹಾಲು ಎಷ್ಟು ಕುಡಿಯುತ್ತಾನೆ ಎಂದು ಕೇಳಿದರಂತೆ. "ಹೆಚ್ಚೇನಿಲ್ಲ," ಎಂದಳಂತೆ ತಾಯಿ ಸಿಗ್ನೆ. ಅವಳು ಸುಳ್ಳು ಹೇಳಿರಲಿಲ್ಲ. ತನ್ನ ಪಾಲಿನದನ್ನಷ್ಟೇ ಹೇಳಿದ್ದಳು.

ಗುಟ್ಟು ರಟ್ಟಾದದ್ದು ಕಸದ ಡಬ್ಬಿಯಿಂದ. ಎಸ್ಕಿಲ್‌ನನ್ನು ದಿನವೂ ಕರೆತರುತ್ತಿದ್ದವರು ಸಿಗ್ನೆಯ ಅಪ್ಪ ಎಗೋನ್. ನೂರ ನಲವತ್ತು ಹಸುಗಳ ಒಡೆಯ. ಅವರ ಕಾರು ಬೇಲಿಯ ಆಚೆ ನಿಂತು, ಏಳೆಂಟು ನಿಮಿಷ ಕಳೆದ ಮೇಲೆಯೇ ಬಾಗಿಲು ತೆರೆಯುತ್ತಿತ್ತು. ರೇಡಿಯೋದಲ್ಲಿ ಹವಾಮಾನ ಕೇಳುತ್ತಿರಬಹುದು ಎಂದು ಬೋಡಿಲ್ ಅಂದುಕೊಂಡಿದ್ದರು. ಒಂದು ದಿನ ಕಸದ ಡಬ್ಬಿ ತಳ್ಳಿಕೊಂಡು ಹೊರಗೆ ಹೋದವರು ಕಾರಿನ ಕಿಟಕಿಯಲ್ಲಿ ಇಣುಕಿದರು. ಹಿಂದಿನ ಸೀಟಿನಲ್ಲಿ ತೊಂಬತ್ತೆಂಟು ಕಿಲೋದ ಎಗೋನ್ ಮೈ ಮಡಿಸಿಕೊಂಡು ಕೂತು, ಮೊಮ್ಮಗನ ಬಾಯಿಗೆ ಬಾಟಲಿ ಹಿಡಿದಿದ್ದರು.

"ಏನಿದು ಎಗೋನ್?"

"ಏನಿಲ್ಲ. ಗಂಟಲು ಒಣಗಿತ್ತು ಮಗೂಗೆ."

"ಇನ್ನೂರು ಮಿಲಿ ಒಣಗಿತ್ತಾ?"

"ನನ್ನ ಹಸುವಿನ ಹಾಲು. ಕುದಿಸಿ ತಂದಿದೀನಿ. ನೀನು ಕೊಡೋ ಗಂಜಿ ನೋಡಿದ್ರೆ ನನಗೇ ಅಳು ಬರುತ್ತೆ, ಇನ್ನು ಇವನು."

ಎಗೋನ್ ಮತ್ತು ಬೋಡಿಲ್ ಒಂದೇ ಶಾಲೆಯವರು. ಹಾಗಾಗಿ ಬೋಡಿಲ್ ಸಂಕೋಚವಿಲ್ಲದೆ ಬಾಟಲಿಯನ್ನು ಎಪ್ರನ್ ಜೇಬಿಗೆ ಹಾಕಿಕೊಂಡು ಮಗುವನ್ನು ಎತ್ತಿಕೊಂಡರು. ಸಂಜೆ ಮನೆಯವರೆಲ್ಲ ಬರಬೇಕೆಂದು ಹೇಳಿಕಳಿಸಿದರು.

ಸಂಜೆ ಮೂವರೂ ಬಂದರು. ಸಿಗ್ನೆ ವೃದ್ಧಾಶ್ರಮದಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದಿದ್ದಳು. ಗಂಡ ಯೆಪ್ಪೆ ಗಾಳಿಯಂತ್ರ ರಿಪೇರಿ ಮಾಡುವವನು, ಕೆಲಸದ ಬಟ್ಟೆಯಲ್ಲೇ ಇದ್ದ. ಎಗೋನ್ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಬೋಡಿಲ್ ಉಪದೇಶ ಮಾಡಲಿಲ್ಲ. ನೀರು ತುಂಬಿದ ಹೂಜಿ, ಮಗುವಿನ ಬಾಟಲಿ, ಅಳತೆಯ ಗೆರೆಯಿರುವ ದೊಡ್ಡ ಪಾತ್ರೆ ಮೇಜಿನ ಮೇಲಿಟ್ಟರು. "ಒಂದು ದಿನಕ್ಕೆ ನಿಮ್ಮ ಕೈಯಿಂದ ಎಸ್ಕಿಲ್ ಎಷ್ಟು ಕುಡೀತಾನೋ ಅಷ್ಟು ಸುರೀರಿ. ಯಾರೂ ಮಾತಾಡ್ಬೇಡಿ."

ಯೆಪ್ಪೆ ಬೆಳಗ್ಗೆ ಆರೂವರೆಯ ಬಾಟಲಿ ಸುರಿದ. ಸ್ವಲ್ಪ ಯೋಚಿಸಿ, ಮಲಗುವ ಮುಂಚಿನದೂ ಸುರಿದ. ಎಗೋನ್ ಕಾರಿನದನ್ನು ಸುರಿದರು. ಆಮೇಲೆ ಸಂಜೆ ಮನೆಗೆ ಕರೆದೊಯ್ಯುವಾಗಿನ ಇನ್ನೊಂದನ್ನು ಅತ್ತ ತಿರುಗಿ ಸುರಿದರು. ತಮ್ಮಲ್ಲಿ ಕುಡಿಸುವ ಎರಡು ಸಣ್ಣ ಬಾಟಲಿಗಳನ್ನು ಬೋಡಿಲ್ ಸೇರಿಸಿದರು. ಪಾತ್ರೆ ಒಂದು ಲೀಟರ್ ಇನ್ನೂರಕ್ಕೆ ಬಂದು ನಿಂತಿತು.

"ನಂದು ಅಳತೆಗೆ ಸಿಗಲ್ಲ," ಎಂದಳು ಸಿಗ್ನೆ ಸಣ್ಣ ದನಿಯಲ್ಲಿ. "ಬೆಳಗ್ಗೆ ಐದಕ್ಕೆ ಎದೆಹಾಲು. ರಾತ್ರಿ ಎರಡು ಸಲ." ನಂತರ ಗಂಡನ ಕಡೆ ತಿರುಗಿದಳು. "ನಾನು ಕುಡಿಸಿ ಹೋದ ಮೇಲೂ ಬಾಟಲಿ ಕೊಡ್ತಿದ್ಯಾ?"

"ಅವನು ಬಾಯಿ ತೆರೀತಿದ್ದ."

"ಆಕಳಿಸ್ತಿದ್ದ, ಯೆಪ್ಪೆ."

ಬೋಡಿಲ್ ನಗಲಿಲ್ಲ, ಏಕೆಂದರೆ ಸಿಗ್ನೆಯ ಕಣ್ಣು ತುಂಬಿತ್ತು. "ಹಾಗಾದ್ರೆ ನಾನು ಹಾಲು ನಿಲ್ಲಿಸ್ಬೇಕಾ?" ಎಂದು ಕೇಳಿದಳು. "ಕೆಲಸಕ್ಕೆ ಸೇರಿದ ಮೇಲೆ ಅದೊಂದೇ ನನಗೂ ಅವನಿಗೂ ಉಳಿದಿರೋದು."

ಬೋಡಿಲ್‌ಗೆ ಆ ಪ್ರಶ್ನೆ ಹೊಸದಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಮೊದಲ ಮಗನನ್ನು ಹೆತ್ತಾಗ, ಅವನು ಅತ್ತಾಗಲೆಲ್ಲ ಹೆದರಿ ಬಾಟಲಿ ಇಡುತ್ತಿದ್ದವರು ಅವರೇ. ಒಂದು ವರ್ಷವಾದರೂ ಮಗ ಅನ್ನಾಹಾರ ಮುಟ್ಟಲಿಲ್ಲ. ಮಗುವನ್ನು ನೋಡಲು ಅತ್ತೆಯ ಮನೆಗೆ ಬಂದ ನರ್ಸ್ ಅತ್ತೆಯ ಎದುರಿಗೇ ಬೈದು ಹೋದಳು. "ಆವತ್ತು ಮನೆಗೆ ಹೋಗೋ ಬಸ್ಸಿನಲ್ಲಿ ಕೊನೇ ನಿಲ್ದಾಣದವರೆಗೂ ಅಳ್ತಾ ಹೋದೆ. ನನ್ನ ನಿಲ್ದಾಣ ಮೂರನೇದು," ಎಂದು ನನಗೆ ಹೇಳುವಾಗ ಬೋಡಿಲ್ ಬಟ್ಟಲು ಒರೆಸುವುದನ್ನು ನಿಲ್ಲಿಸಿದರು. ಅಂದಿನಿಂದ ಯಾವ ತಾಯಿಗೂ ಅವರು ಬೈದಿಲ್ಲ. ತಂದೆಯರಿಗೆ ಬೈಯುತ್ತಾರೆ, ಅಜ್ಜಂದಿರಿಗೆ ಧಾರಾಳವಾಗಿ ಬೈಯುತ್ತಾರೆ.

"ನಿನ್ನ ಹಾಲು ಬೇಡ ಅಂತ ಯಾರು ಹೇಳಿದ್ರು?" ಎಂದರು ಸಿಗ್ನೆಗೆ. "ಬೆಳಗ್ಗೆ ನಿಂದು, ಮಲಗೋ ಮುಂಚೆ ನಿಂದು. ನಡುವಿನ ಹೊತ್ತು ಹೊಟ್ಟೆ ಸ್ವಲ್ಪ ಖಾಲಿ ಬಿಡ್ರಿ, ಅಷ್ಟೇ. ಊಟ ಮೊದಲು, ಹಾಲು ಆಮೇಲೆ, ಅದೂ ಲೋಟದಲ್ಲಿ ಸ್ವಲ್ಪ. ಹಸಿವು ಅಂದ್ರೇನು ಅಂತ ಪಾಪ ಅವನಿಗೆ ಗೊತ್ತಾಗೋಕೇ ನೀವು ಬಿಟ್ಟಿಲ್ಲ."

ಯೆಪ್ಪೆ ಒಪ್ಪಿದ. ಎಗೋನ್ ಒಪ್ಪಲಿಲ್ಲ. ಹಾಲಿನಿಂದ ಊಟ ಕೆಡುತ್ತದೆ ಎಂಬ ಮಾತು ಅವರ ನೂರ ನಲವತ್ತು ಹಸುಗಳಿಗೆ ಮಾಡಿದ ಅವಮಾನ. "ನಾನು ಹುಟ್ಟಿದಾಗಿಂದ ಹಾಲು ಕುಡಿದಿದೀನಿ. ಒಂದು ಹೊತ್ತಿನ ಊಟ ತಪ್ಪಿಲ್ಲ."

"ಶನಿವಾರ ಮಧ್ಯಾಹ್ನ ಊಟಕ್ಕೆ ಬಾ," ಎಂದರು ಬೋಡಿಲ್. "ಗರಿಗರಿ ಹುರಿದ ಹಂದಿಮಾಂಸ, ಬೇಯಿಸಿದ ಆಲೂಗಡ್ಡೆ, ಪಾರ್ಸ್ಲಿ ಸೊಪ್ಪಿನ ಬಿಳಿ ಸಾಸು."

ಆ ಅಡುಗೆಗಾಗಿ ಎಗೋನ್ ಯಾವ ಊರಿಗಾದರೂ ಹೋಗುವವರು. ಶನಿವಾರ ಹನ್ನೊಂದೂಮುಕ್ಕಾಲಿಗೇ ಬಂದರು. ಮೇಜಿನ ಮೇಲೆ ತಟ್ಟೆ ಇರಲಿಲ್ಲ. ಎರಡು ಲೀಟರ್ ಹಾಲಿತ್ತು, ಪಕ್ಕದಲ್ಲಿ ಒಂದು ಲೋಟ.

"ಎಸ್ಕಿಲ್ ಕುಡಿಯೋದನ್ನ ನಿನ್ನ ತೂಕಕ್ಕೆ ಲೆಕ್ಕ ಹಾಕಿದ್ರೆ ಹದಿಮೂರು ಲೀಟರ್ ಆಗುತ್ತೆ," ಎಂದರು ಬೋಡಿಲ್. "ನಾನು ಕರುಣೆ ಇರೋಳು. ಎರಡೇ ಇಟ್ಟಿದೀನಿ. ಇದು ಮುಗಿದ ಮೇಲೆ ಊಟ."

ಎಗೋನ್ ಮೊದಲ ಮೂರು ಲೋಟವನ್ನು ಮೀಸೆ ಒರೆಸಿಕೊಳ್ಳುತ್ತ ಕುಡಿದರು. ನಾಲ್ಕನೆಯದಕ್ಕೆ ಬೆಲ್ಟ್ ಸಡಿಲಿಸಿದರು. ಐದನೆಯದಕ್ಕೆ ಹಿತ್ತಲಿನ ಗಿಡಗಳ ಬಗ್ಗೆ ವಿಚಾರಿಸಿದರು. ಒಂದೂವರೆ ಲೀಟರಿಗೆ ಬಂದಾಗ, "ಉಳಿದದ್ದು ಕಾಫಿಗಿರಲಿ," ಎಂದರು. ಬೋಡಿಲ್ ಆಗ ಹುರಿದ ಮಾಂಸದ ತಟ್ಟೆ ತಂದಿಟ್ಟರು. ಆವಿಯೇಳುತ್ತಿದ್ದ ಆಲೂಗಡ್ಡೆ, ಮೇಲೆ ಹಸಿರು ಚುಕ್ಕೆಯ ಬಿಳಿ ಸಾಸು. ಎಗೋನ್ ಎರಡು ಹೋಳು ತಿಂದರು. ಮೂರನೆಯದನ್ನು ಮುಳ್ಳುಚಮಚದಲ್ಲಿ ಎತ್ತಿ, ನೋಡಿ, ಮುಖ ಪಕ್ಕಕ್ಕೆ ತಿರುಗಿಸಿದರು.

"ಬಾಯಿ ತೆಗಿ ಎಗೋನ್," ಎಂದರು ಬೋಡಿಲ್. "ಒಂದೇ ಒಂದು ತುತ್ತು."

"ಜಾಗ ಇಲ್ಲ ಕಣೇ."

"ಅವನೂ ಮೂರು ವಾರದಿಂದ ಅದನ್ನೇ ಹೇಳ್ತಿದ್ದ. ಪಾಪ, ಮಾತು ಬರಲ್ಲ ಅವನಿಗೆ."

ಎಗೋನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರಂತೆ. ಬೋಡಿಲ್ ಕಾಗದದಲ್ಲಿ ಮಾಂಸ ಕಟ್ಟಿಕೊಟ್ಟರು. ಬಾಗಿಲಲ್ಲಿ ನಿಂತು ಎಗೋನ್, "ಕಾರಿನ ಏಳು ನಿಮಿಷ ನನ್ನದಾಗಿತ್ತು. ಅದೂ ಹೋಯ್ತು," ಎಂದರು. ಬೋಡಿಲ್ ಅದಕ್ಕೂ ದಾರಿ ಮಾಡಿದರು. ಮಧ್ಯಾಹ್ನ ಮೂರಕ್ಕೆ ಬೇಗ ಬಂದು ಅಡುಗೆಮನೆಯಲ್ಲೇ ಕೂತು ಮೊಮ್ಮಗನಿಗೆ ತಿಂಡಿ ತಿನ್ನಿಸಬೇಕು. ಬಾಟಲಿ ತರಕೂಡದು.

ಮರುದಿನದಿಂದಲೇ ಎಸ್ಕಿಲ್ ತಿಂದ ಎಂದು ಬರೆದರೆ ಬೋಡಿಲ್ ಈ ಪುಟವನ್ನು ಕುರ್ಚಿಯ ಕೆಳಗೆ ಹಾಸಿಬಿಡುತ್ತಾರೆ. ಅವನು ಮೊದಲ ಮೂರು ದಿನ ಬೀದಿಯ ಕೊನೆಯವರೆಗೆ ಕೇಳುವಂತೆ ಅತ್ತ. ಸಿಗ್ನೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿದಳು. ಬೋಡಿಲ್ ಬಾಯಿಗೆ ತುರುಕಲಿಲ್ಲ, ಬೇರೆ ಅಡುಗೆ ಮಾಡಲಿಲ್ಲ. ತಟ್ಟೆ ಇಟ್ಟು, ತಾವೂ ಅದನ್ನೇ ತಿನ್ನುತ್ತ ಪಕ್ಕದಲ್ಲಿ ಕೂತರು. "ತಿನ್ನಬೇಕೋ ಬೇಡವೋ ಅನ್ನೋದು ಅವನ ಕೆಲಸ. ಎದುರಿಗೆ ಇಡೋದು ನನ್ನ ಕೆಲಸ. ಅವನ ಕೆಲಸ ನಾನು ಮಾಡಕ್ಕಾಗಲ್ಲ," ಎಂಬುದು ಅವರ ನಿಲುವು.

ನಾಲ್ಕನೇ ದಿನ ಎಸ್ಕಿಲ್ ಕೈ ಚಾಚಿ ಅಲ್ಮಾಳ ತಟ್ಟೆಯಿಂದ ಮಾಂಸದುಂಡೆಯ ಚೂರು ಕದ್ದ. ಚೀಪಿದ, ಉಗಿದ, ಉಗಿದದ್ದನ್ನು ಎತ್ತಿ ಮತ್ತೆ ಚೀಪಿದ. ಬೋಡಿಲ್ ಕಿಟಕಿಯ ಕಡೆ ನೋಡುತ್ತಿರುವಂತೆ ನಟಿಸಿದರು. ಅಲ್ಮಾ ಮಾತ್ರ ಊರಿಗೆಲ್ಲ ಕೇಳುವಂತೆ ದೂರು ಕೊಟ್ಟಳು. ಮೂರನೇ ವಾರದ ಹೊತ್ತಿಗೆ ಗಂಜಿ, ಮೀನು, ಬೀಟ್‌ರೂಟು, ಬೇಳೆ ಎಲ್ಲ ಇಳಿಯುತ್ತಿತ್ತು. ಜನವರಿಯ ರಕ್ತಪರೀಕ್ಷೆ ಸರಿಬಂತು. ಫಲಿತಾಂಶ ಬಂದ ದಿನ ಸಿಗ್ನೆ ಬಾಗಿಲಲ್ಲೇ ಬೋಡಿಲ್‌ರನ್ನು ಅಪ್ಪಿಕೊಂಡಳಂತೆ. "ಅವಳ ಕೋಟಿಗೆ ಗಂಜಿ ಮೆತ್ಕೊಂತು," ಎನ್ನುತ್ತಾರೆ ಬೋಡಿಲ್.

ನಾನು ಹೋದ ದಿನ ಮೂರು ಗಂಟೆಗೆ ಎಗೋನ್ ಬಂದರು. ಎಸ್ಕಿಲ್‌ಗೆ ಈಗ ಹದಿನೇಳು ತಿಂಗಳು. ಬೇಯಿಸಿದ ಪೇರ್ ಹಣ್ಣನ್ನು ಎಗೋನ್ ತಿನ್ನಿಸುತ್ತಾರೆ, ಪ್ರತಿ ತುತ್ತಿಗೂ ತಮ್ಮ ಬಾಯಿಯನ್ನೂ ಅಗಲಿಸುತ್ತಾರೆ. ಅವರ ಕೋಟಿನ ತೋಳಿನ ಮೇಲೆ ಬೀಟ್‌ರೂಟಿನ ಕಲೆಯಿದೆ. "ಹಾಲಿನ ಕಲೆ ಕಾಣಿಸ್ತಿರ್ಲಿಲ್ಲ," ಎಂದು ಗೊಣಗುತ್ತಾರೆ.

ಎಲ್ಲರೂ ಹೋದ ಮೇಲೆ ಕೇಳಿದೆ: ಅರವತ್ತಮೂರು ಮಕ್ಕಳಲ್ಲಿ ಎಷ್ಟು ಮಂದಿಗೆ ನಿಮ್ಮ ನೆನಪಿದೆ?

"ಒಬ್ಬರಿಗೂ ಇಲ್ಲ," ಎನ್ನುತ್ತಾರೆ, ಬೇಸರವೇನೂ ಇಲ್ಲದೆ. "ಮೂರು ವರ್ಷದೊಳಗಿನದು ಯಾರಿಗೆ ನೆನಪಿರುತ್ತೆ? ನಿನಗಿದೆಯಾ?"

ಹೋದ ಬೇಸಿಗೆಯಲ್ಲಿ ಮನೆಯ ಹೆಂಚು ಸರಿಮಾಡಲು ಒಬ್ಬ ಎತ್ತರದ ಯುವಕ ಬಂದಿದ್ದನಂತೆ. ಗಡ್ಡ ಬಿಟ್ಟಿದ್ದ, ಹೆಸರು ಆಸ್ಗರ್. ಬೋಡಿಲ್‌ಗೆ ಗುರುತು ಸಿಕ್ಕಿತು, ಅವನಿಗೆ ಸಿಗಲಿಲ್ಲ. ಹೇಳುವುದೇಕೆ ಎಂದು ಸುಮ್ಮನಿದ್ದರು. ಮಧ್ಯಾಹ್ನ ರೈ ಬ್ರೆಡ್ಡಿನ ಮೇಲೆ ಲಿವರ್ ಪೇಸ್ಟ್ ಸವರಿ, ಸೌತೆಕಾಯಿ ಬಿಲ್ಲೆ ಇಟ್ಟು, ಅದೇ ಅಡುಗೆಮನೆಯಲ್ಲಿ ಬಡಿಸಿದರು. ಅವನು ಬಿಲ್ಲೆಗಳನ್ನು ಒಂದೊಂದಾಗಿ ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದ, ಇಪ್ಪತ್ತೆರಡು ವರ್ಷದ ಹಿಂದೆ ಜೋಡಿಸುತ್ತಿದ್ದ ಹಾಗೆಯೇ.

"ಸೌತೆಕಾಯಿ ಈಗಲೂ ತಿನ್ನಲ್ಲ ಅವನು," ಎನ್ನುತ್ತ ಬೋಡಿಲ್ ನಾಳೆಯ ಆಲೂಗಡ್ಡೆಗಳನ್ನು ನೀರಿಗೆ ಹಾಕುತ್ತಾರೆ. "ಉಳಿದಿದ್ದೆಲ್ಲ ತಿಂದ. ಎರಡನೇ ಸಲ ಕೇಳಿ ಹಾಕಿಸ್ಕೊಂಡ."