ರತ್ನಮ್ಮ ಕೂರದ ಬೂತು

ತಾಂಬರಂನ ನಮ್ಮ ಬೀದಿಯಲ್ಲಿ ಯಾರ ಮನೆಗಾದರೂ ಬಾಗಿಲು ತಟ್ಟದೆ ಹೋಗಬಲ್ಲವರು ರತ್ನಮ್ಮ ಒಬ್ಬರೇ. ತಲೆಯ ಮೇಲೆ ಇಸ್ತ್ರಿ ಬಟ್ಟೆಯ ಗಂಟು, ಮುಂಗೈ ತುಂಬ ಕೆಂಡ ಸಿಡಿದ ಕಪ್ಪು ಕಲೆಗಳು. ಮನೆ ಬದಲಾದರೆ ಅವರ ಭಾಷೆಯೂ ಬದಲಾಗುತ್ತಿತ್ತು. ಎದುರುಮನೆಯಲ್ಲಿ ತಮಿಳು, ಮೂಲೆಮನೆಯಲ್ಲಿ ತೆಲುಗು, ನಮ್ಮಲ್ಲಿಗೆ ಬಂದರೆ ತಮ್ಮ ಕೊಳ್ಳೇಗಾಲದ ಕನ್ನಡ. ಅವರೂ ನಾನೂ ಒಂದೇ ಪಕ್ಷದ ಕಾರ್ಯಕರ್ತರು. ಆದರೆ ಚುನಾವಣೆಯ ದಿನ ಬೂತಿನಲ್ಲಿ ಪಕ್ಷದ ಏಜೆಂಟರಾಗಿ ಕೂರುತ್ತಿದ್ದವರು ಅವರು. ನಾನು ಹೊರಗೆ ಶಾಮಿಯಾನದ ಕೆಳಗೆ ಚೀಟಿ ಬರೆಯುತ್ತಿದ್ದೆ.

ನಾನು ವಿಮಾ ಕಚೇರಿಯಲ್ಲಿ ಅಧಿಕಾರಿಯಾಗಿ ನಿವೃತ್ತನಾದವನು. ಪಕ್ಷದ ಪ್ರಣಾಳಿಕೆಯನ್ನು ಅಡಿಗೆರೆ ಎಳೆದು ಓದುವವನು. ಮತದಾರರ ಪಟ್ಟಿಯನ್ನು ಬೀದಿವಾರು ವಿಂಗಡಿಸಿ ಕೊಟ್ಟರೆ ರತ್ನಮ್ಮ ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವರು, ಬಿಚ್ಚಿ ನೋಡುವರಲ್ಲ. ಮತದಾನದ ದಿನ ಮಧ್ಯಾಹ್ನ ಯಾರು ಬಂದಿಲ್ಲ ಎಂದು ಕೇಳಿದರೆ, "ನೀಲಿ ಗೇಟ್ ಮನೆ ಅಜ್ಜಿ ಬಂದಿಲ್ಲ ಸಾ. ಮಂಡಿ ನೋವು, ಮೆಟ್ಲು ಇಳಿಯಾಕಾಗಕಿಲ್ಲ. ಒಂದು ಕುರ್ಚಿ ಕಳ್ಸಿ, ಕೂರಿಸ್ಕಂಡು ಎತ್ಕಂಬರ್ಲಿ" ಎನ್ನುವರು.

ಸಭೆಗಳಲ್ಲಿ ಜಿಲ್ಲಾ ಕಾರ್ಯದರ್ಶಿ ನನ್ನನ್ನು "ಇನ್ಶೂರೆನ್ಸ್ ಸಾರ್" ಎನ್ನುತ್ತಿದ್ದರು. ಅವರಿಗೆ ನನ್ನ ಹೆಸರು ಗೊತ್ತಿರಲಿಲ್ಲ. "ರತ್ನಮ್ಮಾ, ವಾಂಗ" ಎಂದು ಆಕೆಯನ್ನು ಮಾತ್ರ ಕರೆದು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಅದು ಎಲ್ಲಿಯವರೆಗೆ ಹೋಯಿತೆಂದರೆ ನನ್ನ ಅಂಗಿಗಳನ್ನು ಅವರ ಇಸ್ತ್ರಿ ಗಾಡಿಗೆ ಕಳಿಸುವುದನ್ನೇ ಬಿಟ್ಟು ಮನೆಯಲ್ಲಿ ನಾನೇ ಇಸ್ತ್ರಿ ಮಾಡತೊಡಗಿದೆ. ಒಂದು ಬಿಳಿ ಅಂಗಿಯ ಕಾಲರು ಸುಟ್ಟಿತು. ನನ್ನ ಹೆಂಡತಿ ಅದನ್ನು ಒಯ್ದು ರತ್ನಮ್ಮನಿಗೇ ತೋರಿಸಿಬಂದಳು.

ಹೀಗಿರುವಾಗ ಆರೋಗ್ಯ ಕೇಂದ್ರದ ವಿಷಯ ಬಂತು. ರೈಲು ಹಳಿಯ ಪಕ್ಕ ನಾಲ್ಕು ಬೀದಿಗಳ ಬಡವರಿಗೆಲ್ಲ ಇದ್ದದ್ದು ಆ ಒಂದು ಚಿಕ್ಕ ಸರ್ಕಾರಿ ಕೇಂದ್ರ. ಅದರ ಹಿಂದೆ ಅಪಾರ್ಟ್‌ಮೆಂಟ್ ಕಟ್ಟಲು ಹೊರಟ ಬಿಲ್ಡರನಿಗೆ ಅಗಲವಾದ ದಾರಿ ಬೇಕಿತ್ತು. ಪಕ್ಷದ ಸಭೆಗಳಿಗೆ ಕಲ್ಯಾಣ ಮಂಟಪ ಬಿಟ್ಟುಕೊಡುವವನೂ ಪ್ರಚಾರಕ್ಕೆ ಗಾಡಿ ಕಳಿಸುವವನೂ ಅವನೇ. ಕೇಂದ್ರವನ್ನು ದೊಡ್ಡ ರಸ್ತೆಯ ಆಚೆಗೆ ಎಲ್ಲೋ ಸಾಗಿಸಲು ನಮ್ಮ ಪಕ್ಷದವರೇ ಒಪ್ಪಿದರು.

ನಾನು ಇಂಗ್ಲಿಷಿನಲ್ಲಿ ನಾಲ್ಕು ಪುಟದ ಮನವಿ ಬರೆದೆ. ಬಸುರಿಯರು ಆ ರಸ್ತೆ ದಾಟುವುದು ಹೇಗೆ, ಪಕ್ಷದ ಸಿದ್ಧಾಂತ ಏನು ಹೇಳುತ್ತದೆ, ಎಲ್ಲವೂ ಅದರಲ್ಲಿತ್ತು. ಕಾರ್ಯದರ್ಶಿ ಅದನ್ನು ತೆಗೆದುಕೊಂಡು, "ತುಂಬಾ ಚೆನ್ನಾಗಿ ಬರೆದಿದ್ದೀರಿ ಸಾರ್" ಎಂದು ಪಕ್ಕಕ್ಕಿಟ್ಟರು.

ಚುನಾವಣೆ ಹತ್ತಿರವಾಗಿತ್ತು. ಮರುವಾರದ ಸಭೆಯಲ್ಲಿ ರತ್ನಮ್ಮ ಎದ್ದು ನಿಂತರು. ತಮಿಳಿನಲ್ಲಿ ಎರಡೇ ಮಾತು ಆಡಿದರು. "ಆ ಕೇಂದ್ರ ಹೋಗೋದಾದರೆ ಈ ಸಲ ನಾನು ಬೂತಲ್ಲಿ ಕೂರಲ್ಲ. ಯಾರ ಮನೆಗೂ ಹೋಗಿ ಕರೆಯಲ್ಲ."

ಕಾರ್ಯದರ್ಶಿ ನಕ್ಕರು. ನನ್ನ ಕಡೆ ತಿರುಗಿ, "ನೀವು ನೋಡಿಕೊಳ್ಳುತ್ತೀರಲ್ಲ?" ಎಂದರು.

ಆ ಮನವಿ ಬರೆದವನು ನಾನು. ಇಲ್ಲ ಎನ್ನಬೇಕಾದವನೂ ನಾನೇ. ಆದರೆ ಅಷ್ಟು ವರ್ಷ ಕಾದಿದ್ದ ಕುರ್ಚಿ ಕೊನೆಗೂ ನನ್ನ ಕಡೆ ಬಂದಿತ್ತು. "ನೋಡಿಕೊಳ್ಳುತ್ತೇನೆ" ಎಂದುಬಿಟ್ಟೆ. ರತ್ನಮ್ಮ ನನ್ನತ್ತ ಒಮ್ಮೆ ನೋಡಿ ಕೂತರು.

ಮಾರನೆಯ ದಿನದಿಂದ ಪಟ್ಟಿ ಹಿಡಿದು ಮನೆಮನೆ ಸುತ್ತಿದೆ. "ರತ್ನಮ್ಮ ಯಾಕೆ ಬಂದಿಲ್ಲ?" ಎಂದು ಎಲ್ಲ ಬಾಗಿಲಲ್ಲೂ ಕೇಳಿದರು. ನೀಲಿ ಗೇಟಿನ ಅಜ್ಜಿ ಸರಪಳಿಯನ್ನೇ ತೆಗೆಯಲಿಲ್ಲ, ಸಂದಿಯಿಂದಲೇ ಮಾತಾಡಿದರು. ನಾಲ್ಕು ಬೀದಿ ಮುಗಿಸುವಷ್ಟರಲ್ಲಿ ಯಾರೂ ನಮ್ಮ ಪಕ್ಷಕ್ಕೆ ಮತ ಹಾಕುತ್ತೇನೆಂದೂ ಹೇಳಿರಲಿಲ್ಲ, ಹಾಕುವುದಿಲ್ಲವೆಂದೂ ಹೇಳಿರಲಿಲ್ಲ. ಅದನ್ನು ಹಾಗೆಯೇ ಕಾರ್ಯದರ್ಶಿಗೆ ವರದಿ ಮಾಡಬೇಕಾಯಿತು. ಅಷ್ಟರಲ್ಲಿ ಎದುರು ಪಕ್ಷದವನೊಬ್ಬ ಬಟ್ಟೆಗಂಟು ಹಿಡಿದು ರತ್ನಮ್ಮನ ಗಾಡಿಯ ಮುಂದೆ ಅರ್ಧ ಗಂಟೆ ನಿಂತಿದ್ದನ್ನು ಬೀದಿಯೆಲ್ಲ ನೋಡಿತ್ತು.

ಆ ದಿನ ಸಂಜೆಯೊಳಗೆ ಕಾರ್ಯದರ್ಶಿಯ ಕಾರು ಅವರ ಗಾಡಿಯ ಪಕ್ಕ ಬಂದು ನಿಂತಿತು. ಆರೋಗ್ಯ ಕೇಂದ್ರ ಎಲ್ಲಿತ್ತೋ ಅಲ್ಲೇ ಉಳಿಯಿತು. ಬಿಲ್ಡರ್ ಬೇರೆ ಕಡೆಯಿಂದ ದಾರಿ ಮಾಡಿಕೊಂಡ. ಆ ಚುನಾವಣೆಯಲ್ಲೂ ಬೂತಿನ ಕುರ್ಚಿಯಲ್ಲಿ ರತ್ನಮ್ಮನೇ ಕೂತರು.

ಒಂದು ತಿಂಗಳು ಆ ಗಾಡಿಯ ಮುಂದೆ ಹಾಯುವ ಧೈರ್ಯ ನನಗಾಗಲಿಲ್ಲ. ಕೊನೆಗೆ ಎರಡು ಅಂಗಿ ಹಿಡಿದು ಹೋದೆ.

"ನೀವು ಹೇಳಿದ್ದನ್ನೇ ನಾನೂ ಹೇಳಿದ್ದೆ ರತ್ನಮ್ಮ. ಇನ್ನೂ ಚೆನ್ನಾಗಿ ಹೇಳಿದ್ದೆ" ಎಂದೆ.

ಅವರು ಅಂಗಿಯ ಮೇಲೆ ನೀರು ಚಿಮುಕಿಸಿದರು. "ನೀವು ನ್ಯಾಯ ಯೋಳುದ್ರಿ ಸಾ. ನ್ಯಾಯ ಅವ್ರಿಗೂ ಗೊತ್ತು. ಆ ಬಿಲ್ಡರು ಗಾಡಿ ನಿಲ್ಲಿಸ್ಬುಟ್ರೆ ಅನ್ನೋ ಭಯ ಅವ್ರಿಗೆ ದಿನಾ ಅದೆ. ನಮ್ಮುನ್ನ ಕಂಡ್ರೆ ಭಯ ಐದು ವರ್ಸಕ್ಕೊಂದು ದಿನ. ಅದುನ್ನ ವಸಿ ಮುಂಚೆ ತೋರಿಸ್ದೆ, ಅಷ್ಟೇಯ."

"ನಾನು ಆವತ್ತು ಒಪ್ಪಿಕೊಳ್ಳಬಾರದಿತ್ತು."

"ಒಪ್ಕಂಡಿದ್ದೇ ಒಳ್ಳೇದಾಯ್ತು ಬುಡಿ. ನೀವು ಹೋಗಿ ಬರಿಗೈಲಿ ಬಂದ್ರಲ್ಲಾ, ಆಗ್ಲೇ ಅವ್ರಿಗೆ ಅರ್ಥ ಆಗಿದ್ದು."

ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನಾನು ಸಿಟ್ಟು ಮಾಡಿಕೊಂಡು ಹಗುರಾಗಬಹುದಿತ್ತು.

ನಾನು ಅವರನ್ನು ಕಡೆಯ ಸಲ ನೋಡಿದ್ದು ಅವರು ಗಾಡಿ ಮಾರಿದ ದಿನ. ಕೆಂಡದ ಹೊಗೆಗೆ ಉಬ್ಬಸ ಬಂದಿತ್ತು. ಎಣ್ಣೂರಿನಲ್ಲಿರುವ ಮಗಳ ಮನೆಗೆ ಹೊರಟಿದ್ದರು. ವಿದ್ಯುತ್ ಕಾರ್ಖಾನೆಯ ಬೂದಿ ಗಾಳಿಯಲ್ಲೇ ಹಾರುವ ಊರಿಗೆ ಉಬ್ಬಸದವರು ಹೋಗುವುದೇ ಎಂದರೆ, "ಮಗಳು ಅಲ್ಲವ್ಳೆ, ಏನ್ ಮಾಡದು ಸಾ" ಎಂದರು.

ಮುಂದಿನ ಚುನಾವಣೆಗೆ ಬೂತಿನ ಕುರ್ಚಿ ನನ್ನದಾಯಿತು. ಕಾರ್ಯದರ್ಶಿ, "ಆಕೆಯನ್ನು ಒಂದು ವಾರ ಕರೆಸಲು ಆಗುತ್ತಾ?" ಎಂದು ನನ್ನನ್ನೇ ಕೇಳಿದರು. ನಾನು ಫೋನು ಮಾಡಿದೆ.

"ಆಗಕಿಲ್ಲ ಸಾ, ವೋಟು ಇಲ್ಲಿಗೆ ಬದಲಾಯಿಸ್ಕಂಡಿವ್ನಿ" ಎಂದರು, ಏದುಸಿರು ಬಿಡುತ್ತ. "ಇಲ್ಲಿ ಮೀನುಗಾರರ ಕೇರಿಲಿ ಬೂದಿ ಬಿದ್ದು ನೀರು ಕೆಟ್ಟೋಗದೆ. ಪಾರ್ಟಿಯೋರು ಕಾರ್ಖಾನೆ ಕಡೆ ಮಾತಾಡ್ತಾವ್ರೆ. ಹೆಂಗಸ್ರೆಲ್ಲಾ ನಮ್ ಮನೆ ಜಗಲಿಗೇ ಬಂದು ಕುಂತವ್ರೆ. ಇಡ್ತೀನಿ ಸಾ, ಕಾಯ್ತಾವ್ರೆ."

ಹಿಂದಿನಿಂದ ಹತ್ತಾರು ಹೆಂಗಸರ ದನಿ ಕೇಳುತ್ತಿತ್ತು. ಫೋನು ಕಡಿದ ಮೇಲೂ ನಾನು ಅದನ್ನು ಕಿವಿಗೇ ಹಿಡಿದು ನಿಂತಿದ್ದೆ. ಈ ಸಲ ನನಗೆ ಹೊಟ್ಟೆಕಿಚ್ಚಾದದ್ದು ರತ್ನಮ್ಮನ ಮೇಲಲ್ಲ, ಆ ಜಗಲಿಯ ಮೇಲೆ ಕೂತವರ ಮೇಲೆ.