ಸ್ಕಾಟ್ಲೆಂಡಿನ ತಂಡಕ್ಕೆ ಹ್ಯಾಂಡ್‌ಪೋಸ್ಟಿನ ತಮಟೆ

ಭೇರ್ಯದಿಂದ ಬೆಳಗಿನ ಬಸ್ಸಿಗೆ ಹೊರಟೆವು. ನಾನು, ಮೊಮ್ಮಗಳು ಮಂಜುಳ, ಸ್ಕಾಟ್ಲೆಂಡಿನ ಕಾಲಿನ್. ಅವನಿಗೆ ತಮಟೆ ಕೇಳಬೇಕಂತೆ, ಇಂಗ್ಲಿಷ್ ಬಲ್ಲವಳು ನೀನು ಜೊತೆಗೆ ಹೋಗು ಅಂತ ಕಾಲೇಜಿನ ಮೇಷ್ಟ್ರು ಮಂಜುಳಂಗೆ ಹೇಳಿದ್ದರು. ವಯಸ್ಸಿನ ಹುಡುಗಿಯನ್ನ ಗೊತ್ತಿಲ್ಲದ ಗಂಡಸಿನ ಜೊತೆ ಕಳಿಸೋದುಂಟೇ? ಅದಕ್ಕೇ ನಾನು.

ಕೆ.ಆರ್. ನಗರದಲ್ಲಿ ಬಸ್ಸು ಬದಲಾಯಿಸಿ ಹುಣಸೂರು ಮುಟ್ಟೋವರೆಗೂ ಅವನು ತನ್ನ ವಾದ್ಯದ ತಂಡದ ಕಥೆ ಹೇಳಿದ. ಮಂಜುಳ ನನಗೆ ಕನ್ನಡದಲ್ಲಿ ಹೇಳಿದಳು. ಅವರೂರಲ್ಲಿ ಹಡಗು ಕಟ್ಟುವ ಕಾರ್ಖಾನೆ ಮುಚ್ಚಿತಂತೆ. ಕೆಲಸ ಹೋದ ಐವರು ಸ್ನೇಹಿತರು ಅಲ್ಲಿ ಬಿದ್ದಿದ್ದ ತಗಡು, ಪೀಪಾಯಿ ತಂದು ಬಡಿದರಂತೆ. ಆಮೇಲೆ ಕರೆಂಟಿನ ವಾದ್ಯ ಸೇರಿಸಿದರು. ಜನ ಕುಣಿದರು, ಕ್ಯಾಸೆಟ್ಟು ಬಂತು. ಹಾಡುವವಳು ಮದುವೆಯಾಗಿ ಹೋದಳು, ಇಬ್ಬರು ಜಗಳವಾಡಿ ಹೋದರು. ಉಳಿದದ್ದು ಇವನು, ಗೆಳೆಯ ಡೇವಿಡ್. ಕೊನೆಯದೊಂದು ಕ್ಯಾಸೆಟ್ಟು ಮಾಡಿ ತಂಡ ಮುಚ್ಚೋದು ಅಂತ ಇಬ್ಬರೂ ತೀರ್ಮಾನ ಮಾಡಿದ್ದರು. ಅದಕ್ಕೆ ಸಾವಿನ ತಮಟೆ ಬೇಕಿತ್ತು.

ಅವನ ಹೆಗಲಲ್ಲಿದ್ದ ಟೇಪ್ ರೆಕಾರ್ಡರಿನಲ್ಲಿ ತಂಡದ ಹಳೇ ಕ್ಯಾಸೆಟ್ಟು ಕೇಳಿದೆ. ಅಕ್ಕಿ ಗಿರಣಿಯೊಳಗೆ ಮದುವೆ ನಡೆದಂಗಿತ್ತು. ಚೆನ್ನಾಗಿಲ್ಲ ಅಂದೆ. ಕಾಲು ಮಾತ್ರ ಸುಮ್ಮನಿರಲಿಲ್ಲ.

ಹುಣಸೂರಿನಲ್ಲಿ ಇಡ್ಲಿ ತಿಂದೆವು, ಚಟ್ನಿ ಹುಳಿಯಾಗಿತ್ತು. ಎಚ್.ಡಿ. ಕೋಟೆ ಬಸ್ಸಿನಲ್ಲಿ ನಿಂತೇ ಬಂದು ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು, ಬಿಸಿಲಲ್ಲಿ ಮೈಲಿ ದೂರ ನಡೆದೆವು. ಮೇಷ್ಟ್ರು ಹೇಳಿದ್ದ ತಮಟೆಯ ಸಿದ್ದಯ್ಯ, ಅವನ ತಮ್ಮ, ಮಗ, ಮೂವರೂ ಮನೆ ಮುಂದೆ ಹುಲ್ಲಿನ ಬೆಂಕಿಗೆ ತಮಟೆ ಕಾಯಿಸುತ್ತಿದ್ದರು.

ಸಾವಿನ ಬಡಿತ ಬೇಕು ಅಂದೆ. ಸಿದ್ದಯ್ಯ ತಮಟೆ ಕೆಳಗಿಟ್ಟ.

"ಯಾರ್ ಸತ್ತವ್ರೆ, ಅವ್ವಾ?"

ಯಾರೂ ಇಲ್ಲ, ಟೇಪಿನಲ್ಲಿ ಹಿಡಿಯೋಕೆ ಅಂದೆ. ಹೆಣವಿಲ್ಲದೆ ಅದನ್ನ ಬಡಿದರೆ ಊರಿಗೆ ಸಾವು ಕರೆದಂಗೆ ಅಂದ. ಇದೇನು ತಮಾಷೆಯಾ ಅಂತ ಗೊಣಗಿ ಅವನ ತಮ್ಮ ಎದ್ದೇ ಹೋದ. ನಮ್ಮ ತಂಡವೇ ಸತ್ತಿದೆ, ಅದಕ್ಕೆ ಬಡಿಯಿರಿ ಅಂತ ಕಾಲಿನ್ ಹೇಳಿಸಿದ. ಎಷ್ಟು ಜನ ಉಳಿದಿದ್ದೀರಿ ಅಂತ ಸಿದ್ದಯ್ಯ ಕೇಳಿದ. ಇಬ್ಬರು ಅಂದಳು ಮಂಜುಳ.

"ಇಬ್ರು ಉಸ್ರಾಡ್ತಾವ್ರೆ, ಅದೆಂಗ್ ಸತ್ತೋಯ್ತದೆ ಬುಡಿ. ಮಾರಮ್ಮನ ಕುಣಿತದ್ದು ಬಡೀತೀವಿ, ಬೇಕಾರೆ ಹಿಡ್ಕಳಿ."

ಕಾಲಿನ್ ಮುಖ ಊದಿಸಿಕೊಂಡು ಕೂತ. ಸಿಗದೇ ಇರೋದಕ್ಕೆ ಅಳೋ ಬದಲು ಸಿಕ್ಕಿದ್ದು ತಗೊಳ್ಳಲಿ ಅಂತ ನಾನೇ ಹೇಳಿಸಿದೆ.

ಕಾಲಿನ್ ಟೇಪು ಹಾಕಿದ. ತಮಟೆ ಎದ್ದಿತು. ಸ್ವಲ್ಪ ಹೊತ್ತಿಗೆ ಗೋಡೆ ಪಕ್ಕದ ಸೀಮೆಎಣ್ಣೆ ಡಬ್ಬ ಎಳಕೊಂಡು ಅವನೂ ಬಡಿದ. ತಾಳ ತಪ್ಪಿದಾಗ ಸಿದ್ದಯ್ಯನ ಮಗ ಮಣಿಕಟ್ಟು ಹಿಡಿದು ತಿದ್ದಿದ. ಎದ್ದುಹೋದ ತಮ್ಮ ಎಲ್ಲಿದ್ದನೋ, ತಮಟೆ ಹಿಡಿದು ಬಂದು ಸೇರಿಕೊಂಡ.

ಸಂಜೆ ಕಾಲಿನ್ ಹ್ಯಾಂಡ್‌ಪೋಸ್ಟಿನ ಎಸ್‌ಟಿಡಿ ಬೂತಿನಿಂದ ಡೇವಿಡ್‌ಗೆ ಫೋನು ಮಾಡಿ, ಟೇಪನ್ನ ಫೋನಿಗೆ ಹಿಡಿದ. ಆ ಕಡೆಯವನು ಏನಂದ ಅಂತ ಮಂಜುಳನ್ನ ಕೇಳಿದೆ.

"ಇದು ಕೊನೇ ಕ್ಯಾಸೆಟ್ಟಿಗೆ ಆಗಲ್ಲ, ಇನ್ನೊಂದು ಮಾಡೋಣ ಅಂತವ್ರಂತೆ, ಅಜ್ಜಿ."

ಹುಣಸೂರಿನ ಬಸ್ಸು ಬಂತು. ಫೋನಿನಲ್ಲಿ ಅವರಿಬ್ಬರ ಮಾತು ಇನ್ನೂ ಮುಗಿದಿರಲಿಲ್ಲ. ಹೋಗಪ್ಪ ಅಂತ ಕಂಡಕ್ಟರಿಗೆ ಕೈಬೀಸಿ, ಬೂತಿನ ಮೆಟ್ಟಿಲ ಮೇಲೆ ಕೂತೆ.